ಬಳಚು

ಇಳಿತದ ಹೊತ್ತು. ಸೊಂಟದ ಮಟ್ಟ ನೀರು.
ಕಾಲ ಬೆರಳಿಗೇ ಕಣ್ಣು.
ಕೆಸರೊಳಗೆ ಏನೋ ಗಟ್ಟಿ ತಾಗಿದರೆ
ಮುಳುಗಿ ಎತ್ತುತ್ತೇನೆ; ಪಕ್ಕದಲ್ಲೇ ತೇಲುವ
ಅಲ್ಯುಮಿನಿಯಂ ಬೋಗುಣಿಗೆ ಟಣ್ ಎಂದು ಬೀಳುತ್ತದೆ ಬಳಚು.

ಐಗಳಕುರ್ವೆಯಿಂದ ತದಡಿಯವರೆಗೆ
ನದಿಗೆ ಇಷ್ಟೊಂದು ಬಾಯಿ:
ಒಂದೊಂದೂ ನೀರು ಕುಡಿದು, ಕೆಸರು ಸೋಸಿ,
ತನಗೆ ಬೇಕಾದ್ದು ಇಟ್ಟುಕೊಂಡು
ಉಳಿದದ್ದು ಉಗುಳುತ್ತ ಕೂತಿದೆ.
ಬೇರೆ ಕಸುಬಿಲ್ಲ.

ನನಗೂ ಇಲ್ಲ.
ಬೆಳಿಗ್ಗೆ ಕಗ್ಗದಕ್ಕಿಯ ಗಂಜಿ ಒಳಗೆ,
ಸಂಜೆಗೆ ಬೆವರು, ಉಚ್ಚೆ, ಬೈಗುಳ ಹೊರಗೆ.
ನಡುವೆ ಸ್ವಲ್ಪ ನಿಂತದ್ದಕ್ಕೆ
ರೇಷನ್ ಕಾರ್ಡಿನಲ್ಲಿ ಒಂದು ಹೆಸರು.

ಮಾಘದಲ್ಲಿ ತುಳಸು ಚಿಕ್ಕಿ ಹೋದಳು.
ಐವತ್ತು ವರ್ಷ ಇದೇ ಕೆಸರು ತುಳಿದವಳು,
ಕೊನೆಗೆ ಎಲೆಯಡಿಕೆಗೆ ಸುಣ್ಣ ಸಾಲದೆಂದು
ಸೊಸೆಯೊಡನೆ ಜಗಳಾಡಿ ಮಲಗಿದವಳು.
ಆ ಸುಣ್ಣವೂ ಇದರದೇ ಚಿಪ್ಪು ಸುಟ್ಟದ್ದು.
ಮೂರನೆಯ ದಿನ ಗಡಿಗೆಯಲ್ಲಿ ಅವಳ ಎಲುಬು ತಂದು
ಅಳಿವೆಯಲ್ಲಿ ಬಿಟ್ಟೆವು.
ಬಿಳಿಯದು ಮುಳುಗಿತು. ಬೂದಿ
ಹೋಗಲೋ ಬೇಡವೋ ಎಂದು ಸುತ್ತಿ ಸುತ್ತಿ,
ಭರತ ಏರುತ್ತಿತ್ತಲ್ಲ,
ಕಡಲಿಗೆ ಹೋಗದೆ ನಮ್ಮ ದಡದತ್ತಲೇ ಬಂತು.

ಅಂದಿನಿಂದ ಅವಳ ಮಗ ಜಟ್ಟಪ್ಪ ಬಳಚು ಮುಟ್ಟಿಲ್ಲ.
‘ಆಯಿನ್ನ ತಿನ್ನೂದು ಹ್ಯಾಂಗೆ?’ ಎನ್ನುತ್ತಾನೆ.
ಬಂಗಡೆಯಾದರೆ ಆದೀತಂತೆ, ಅದು ದೂರದ್ದಂತೆ.
ನಾನು ವಾದಿಸಲಿಲ್ಲ.
ಬಂಗಡೆಯ ಹೊಟ್ಟೆಯಲ್ಲಿ ಯಾರ ಆಯಿಯೋ.

ನಿನ್ನೆ ರಾತ್ರಿ ಬೇಯಿಸಿದೆ.
ಉರಿ ಹೆಚ್ಚಿದ್ದೇ ಒಂದೊಂದಾಗಿ ಬಾಯಿ ಬಿಟ್ಟವು.
ಕಾಯಿ, ಕೆಂಪುಮೆಣಸು, ನಾಲ್ಕು ಜುಮ್ಮನಕಾಳು,
ಎಲ್ಲ ಅವಳದೇ ಅಳತೆ.
ಮೊದಲ ತುತ್ತಿಗೇ ಹಲ್ಲಡಿ ಮರಳು ಕರಕ್ಕೆಂದಿತು.
ಉಗುಳಲೋ ಎಂದು ತಡೆದೆ.

ನುಂಗಿದೆ.
ಎಡಗಡೆಯ ಸಂದಿಯಲ್ಲಿ ಚೂರು ಇನ್ನೂ ಇದೆ,
ನಾಲಿಗೆ ಅಲ್ಲಿಗೇ ಹೋಗುತ್ತದೆ.

ಮಗಳು ತಟ್ಟೆ ನೆಕ್ಕಿ ಕೇಳಿದಳು: ಇನ್ನೂ ಇದ್ಯಾ?
ಅವಳಿಗೆ ಏಳು. ಮುಂದಿನ ಹಲ್ಲು ಈಗ ಬೆಳ್ಳಗೆ ಇಣುಕುತ್ತಿದೆ.
ಬೇಕಲ್ಲ, ಸುಣ್ಣ.
ಬಡಿಸಿದೆ.

ಚಿಪ್ಪಿನ ರಾಶಿಗೆ ನೊಣ ಮುತ್ತಿದೆ.
ಬಟ್ಟಿಯ ಲಾರಿ ಬುಧವಾರ ಬರುತ್ತದೆ.
ನೀರು ಇಳಿಯಲೆಂದು ಕಾಯುತ್ತ
ಮೊಣಕಾಲು ಮುಳುಗಿಸಿ ನಿಂತರೆ
ಸಣ್ಣ ಮೀನುಗಳು ಬಂದು
ನನ್ನ ಹಿಮ್ಮಡಿಯ ಬಿರುಕು ಕಚ್ಚುತ್ತವೆ.
ಕಚಗುಳಿ. ಆದರೂ ಕೊಡವಿಕೊಳ್ಳುವುದಿಲ್ಲ.
ಅವಕ್ಕೂ ಊಟದ ಹೊತ್ತು.