ಸ್ವಇಚ್ಛಾ ಹೇಳಿಕೆ

ಮೂವತ್ತೊಂದು ವರ್ಷ ಬೇರೆಯವರ ಹೇಳಿಕೆ ಬರೆದವನು
ಇವತ್ತು ನನ್ನದು ಬರೆಯುತ್ತೇನೆ.
ಹೆಸರು ಪಿಳ್ಳವೆಂಕಟಪ್ಪ, ವಯಸ್ಸು ಅರವತ್ತೇಳು,
ಶಿಡ್ಲಘಟ್ಟ ಠಾಣೆಯಲ್ಲಿ ರೈಟರ್ ಆಗಿದ್ದೆ.
ಯಾರ ಒತ್ತಾಯವೂ ಇಲ್ಲ. ಮುಂದೆ ಟೀ ಇದೆ.
ಕುರ್ಚಿ ಇದೆ. ಅಲ್ಲಿಯೂ
ಕುರ್ಚಿ ನನಗೊಬ್ಬನಿಗೇ ಇತ್ತು.

ನಮ್ಮ ಕಡೆ ಬೀಗರು ಬಂದರೆ ವಿಚಾರಿಸಿಕೊಳ್ಳುತ್ತಾರೆ:
ಕೈಕಾಲಿಗೆ ನೀರು, ತಟ್ಟೆಗೆ ಇನ್ನೊಂದು ಮುದ್ದೆ.
ಠಾಣೆಯಲ್ಲೂ ಅದೇ ಪದ.
"ರಾತ್ರಿ ಸ್ವಲ್ಪ ವಿಚಾರಿಸಿಕೊಳ್ಳಿ" ಅನ್ನುತ್ತಿದ್ದರು ಸಾಹೇಬರು
ಮನೆಗೆ ಹೊರಡುವಾಗ, ಬುಲೆಟ್ಟಿನ ಸೀಟು ಒರೆಸುತ್ತ.
ಹಿಂಸೆ ಅನ್ನುವ ಪದ ನನ್ನ ಯಾವ ರಿಜಿಸ್ಟರಿನಲ್ಲೂ ಇಲ್ಲ.
ಮೂರು ರಾತ್ರಿ ನಿದ್ದೆಗೆಡಿಸಿದರೆ ಅದು ಹೊಡೆತವಲ್ಲ,
ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ ಗಾಯವಲ್ಲ,
ಒದ್ದೆ ಗೋಣಿ ಸುತ್ತಿ ಬಾರಿಸಿದರೆ
ಡಾಕ್ಟರಿಗೆ ಕಾಣಿಸುವಂಥದ್ದಲ್ಲ.
ಅಲ್ಲ, ಅಲ್ಲ ಅಂತ ಕಳೆಯುತ್ತ ಹೋದರೆ
ಕೊನೆಗೆ ಮೂಲೆಯಲ್ಲಿ ಉಳಿಯುತ್ತಿದ್ದ ಒಬ್ಬ ಮನುಷ್ಯ,
ಉಚ್ಚೆ ಹೊಯ್ದುಕೊಂಡವನು.

ನ್ಯಾಮತುಲ್ಲ. ಫಿಲೇಚರಿನಲ್ಲಿ ನೂಲು ಬಿಚ್ಚುವವನು.
ಗೂಡಿನ ಮಾರ್ಕೆಟ್ಟಿನಲ್ಲಿ ಹಣದ ಚೀಲ ಕಳೆದಿತ್ತು,
ಹನ್ನೊಂದು ಸಾವಿರ.
"ಚೆಪ್ಪರಾ" ಅಂತ ಸಾಹೇಬರು ತೆಲುಗಿನಲ್ಲಿ ಕೇಳಿದರು,
"ಮಾಲೂಂ ನೈ ಸಾಬ್" ಅಂತ ಅವನು ಅವನ ಮಾತಲ್ಲಿ ಅಂದ,
"ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತೇನೆ" ಅಂತ
ನಾನು ಕನ್ನಡದಲ್ಲಿ ಬರೆದೆ, ದುಂಡಗೆ.

ಅದಕ್ಕೂ ಮುಂಚೆ ಒಂದು ಮಾತು ನಡೆಯಿತು.
ಸಾಹೇಬರು ಅವನ ಕಸುಬನ್ನೇ ಅವನಿಗೆ ಹೇಳಿಕೊಟ್ಟರು:
"ಕುದಿನೀರಿಗೆ ಹಾಕದೆ ಎಳೆ ಬರ್ತದೇನೋ?"
ಅವನು ನಕ್ಕ. ತುಟಿ ಸೀಳಿತ್ತು, ಆದರೂ ನಕ್ಕ.
"ಹುಳ ತಾನು ಸುತ್ತಿದ್ದನ್ನೇ ಕೊಡ್ತದೆ ಸಾಬ್.
ನಾನು ನೀವು ಕೇಳಿದ್ದನ್ನ ಸುತ್ತಿ ಕೊಡ್ತೀನಿ."
ಬೆಳಗಿನ ಜಾವ ಸುತ್ತಿ ಕೊಟ್ಟ.
ಚೀಲ ಹಸಿರು ಅಂದ, ಕೆಂಪಲ್ಲವೇನೋ ಅಂದರೆ ಕೆಂಪು ಅಂದ,
ಅಮಾನಿಕೆರೆ ಏರಿಯಲ್ಲಿ ಹೂತೆ ಅಂದ.
ನಾಲ್ಕು ಕಡೆ ಅಗೆದೆವು. ಒಂದು ಕಡೆ ಏಡಿ ಸಿಕ್ಕಿತು.

ಕೇಳುತ್ತೀರಿ, ಗೊತ್ತು: ಒಂದು ಸಲವೂ ಫಲ ಕಾಣಲಿಲ್ಲವೆ?
ಸುಳ್ಳು ಹೇಳಲಾರೆ. ಕಂಡಿತ್ತು.
ತೊಂಬತ್ತಾರರ ಬೇಸಿಗೆ, ದಿಬ್ಬೂರಹಳ್ಳಿ ಕಡೆಯ ಮಗು,
ಶಶಿರೇಖ, ಆರು ವರ್ಷ.
ಎತ್ತಿಕೊಂಡು ಹೋದವನು ಎರಡು ಗಂಟೆಯೊಳಗೆ ಬಾಯಿ ಬಿಟ್ಟ.
ಹಾಳು ಪಂಪ್‌ಹೌಸಿನಲ್ಲಿ ಸಿಕ್ಕಳು. ನಾಲಗೆ ಒಣಗಿತ್ತು, ಜೀವ ಇತ್ತು.
ಜೀಪಿನ ತನಕ ಹೊತ್ತು ತಂದವನು ನಾನೇ.
ನನ್ನ ಅಂಗಿಯ ಗುಂಡಿ ಹಿಡಿದುಕೊಂಡವಳು
ಕಿತ್ತು ಬಂದರೂ ಬಿಡಲಿಲ್ಲ.
ಆ ರಾತ್ರಿ ಮಾಡಿದ್ದು ತಪ್ಪು ಅನ್ನು ಅಂದರೆ
ಈಗಲೂ ನಾಲಗೆ ಹೊರಳುವುದಿಲ್ಲ.
ಸರಿ ಅನ್ನೋಣವೆಂದರೆ
ಆ ಕೋಣೆಯ ಕೂಗೂ ಕಿವಿಯಲ್ಲೇ ಇದೆ.

ಆಮೇಲೆ ಆ ಮಗುವನ್ನು ನಾವು ಬೆಳೆಯಲು ಬಿಡಲಿಲ್ಲ.
ಠಾಣೆಯಲ್ಲೇ ಇಟ್ಟುಕೊಂಡೆವು, ಆರು ವರ್ಷದವಳಾಗಿಯೇ.
ಸೈಕಲ್ ಕಳುವಾದರೆ ಅವಳು ನೆನಪಾಗುತ್ತಿದ್ದಳು,
ಕರಿಮಣಿ ಸರ ಹೋದರೆ, ಸೀಮೆಹಸು ಹೋದರೆ,
ಎಮ್ಮೆಲ್ಲೆ ಭಾವಮೈದನ ಮೋಟಾರು ಹೋದರೂ
"ಅವತ್ತು ಸುಮ್ಮನಿದ್ದಿದ್ದರೆ ಮಗು ಉಳೀತಿತ್ತೇನ್ರೀ?"
ಒಂದು ಜೀವದ ಬಡ್ಡಿಯನ್ನು
ಹದಿನಾರು ವರ್ಷ
ಯಾರ್ಯಾರದೋ ಅಂಗಾಲಿನಿಂದ ವಸೂಲು ಮಾಡಿದೆವು.

ನ್ಯಾಮತುಲ್ಲನೂ ಆ ಲೆಕ್ಕಕ್ಕೇ ಜಮೆ.
ಚೀಲ ಒಂಬತ್ತನೇ ದಿನ ಸಿಕ್ಕಿತು,
ತೂಕದ ಯಂತ್ರದ ಹಿಂದೆ, ಜಾಲರಿಗಳ ಅಡಿ.
ಬಣ್ಣ ಕಪ್ಪು.

ಹೇಳಿಕೆಗೆ ಅವನ ಹೆಬ್ಬೆಟ್ಟು ಒತ್ತಿಸಿದ್ದೆ.
ಹತ್ತನೇ ವಯಸ್ಸಿನಿಂದ ಕುದಿನೀರಿನಲ್ಲಿ ಗೂಡು ತಡಕಿದ ಕೈ,
ಗೆರೆಗಳು ಎಂದೋ ಕರಗಿಹೋಗಿದ್ದವು.
ಕಾಗದದ ಮೇಲೆ ಬಿದ್ದದ್ದು ಬರೀ ನೀಲಿ ಮಚ್ಚೆ,
ಅದರಲ್ಲಿ ಯಾರೂ ಇರಲಿಲ್ಲ.
ಅದರ ಕೆಳಗೆ "ಓದಿಸಿ ಕೇಳಿದೆ, ಸರಿಯಿದೆ" ಅಂತ ಬರೆದೆ.
ಓದಿ ಹೇಳಿರಲಿಲ್ಲ.

ಹೋದ ಶುಕ್ರವಾರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ.
"ರೈಟರ್ ಸಾಬ್" ಅಂತ ಅವನೇ ಕರೆದ,
ನನ್ನ ಮಂಡಿನೋವು ಹೇಗಿದೆ ಅಂತ ವಿಚಾರಿಸಿಕೊಂಡ,
ಎರಡು ಬಾಳೆಹಣ್ಣು ಕೊಟ್ಟ.
ಬಸ್ಸಿನ ಕಡೆ ಅವನು ನಡೆದು ಹೋಗುವಾಗ
ನಾನು ಬೋರ್ಡು ಓದುತ್ತ ನಿಂತಿದ್ದೆ,
ಚಿಂತಾಮಣಿ, ಚಿಂತಾಮಣಿ, ಚಿಂತಾಮಣಿ,
ಅವನ ಕಾಲು ನೋಡಬಾರದು ಅಂತ.