ಹತ್ತೂ ಇಪ್ಪತ್ತರದ್ದು

ಬದಿಯಡ್ಕದ ಬಸ್ಸು ನಿಲ್ಲುವಲ್ಲಿ
ಬೋರ್ಡು ಓದುವವರು ಒಬ್ಬರೇ, ಐತ್ತಪ್ಪಣ್ಣ.
ಕಣ್ಣು ಕಾಣದ್ದರಿಂದ
ಅವರಿಗೆ ಲಿಪಿಯ ತೊಂದರೆಯಿಲ್ಲ.

ಕುತ್ತಿಗೆಗೆ ಲಾಟರಿಯ ಹಲಗೆ ತೂಗಿಕೊಂಡು
ಕಂಬಕ್ಕೆ ಬೆನ್ನು ಕೊಟ್ಟು ನಿಂತವರು
ತಿರುವಿನಲ್ಲಿ ಗೇರು ಇಳಿಯುವಾಗಲೇ ಹೇಳುತ್ತಾರೆ:
ಎರಡನೇ ಗೇರಿನಲ್ಲಿ ಕೆಮ್ಮಿದರೆ ಮುಳ್ಳೇರಿಯದ್ದು.
ಹಾರ್ನಿಗೆ ಶೀತ ಆಗಿದ್ದರೆ ಕಾಸರಗೋಡಿನದ್ದು.
ಬಾಗಿಲು ಎರಡು ಸಲ ಬಡಿದರೆ ಸೀತಾಂಗೋಳಿಯಾಗಿ ಕುಂಬಳೆಗೆ,
ಅದರ ಕಿಳಿಗೆ ತಾಳ್ಮೆ ಎಂಬುದಿಲ್ಲ.

ಕನ್ನಡ ಶಾಲೆಯಲ್ಲಿ ಏಳರವರೆಗೆ ಕಲಿತ ನಾವೆಲ್ಲ
ಅವರ ಸುತ್ತ ನಿಲ್ಲುತ್ತೇವೆ.
ಬಸ್ಸಿನ ಹಣೆಯ ಮೇಲಿನ ಅಕ್ಷರಗಳು
ನಮ್ಮ ಅಕ್ಷರಗಳ ದಾಯಾದಿಗಳು.
ಮುಖದ ಗುರುತು ಸಿಕ್ಕಿದ ಹಾಗಾಗುತ್ತದೆ,
ಮಾತಾಡಿಸಿದರೆ ಅತ್ತ ತಿರುಗುತ್ತವೆ.

ನನ್ನ ತಾಪತ್ರಯ ಬಸ್ಸು ಬಂದ ಮೇಲೆ ಶುರು.
ನೆಲದಿಂದ ಮೊದಲ ಮೆಟ್ಟಿಲಿಗೆ
ಟೇಪು ಹಿಡಿದೇ ನೋಡಿದ್ದೇನೆ, ಹದಿನೇಳು ಇಂಚು.
ಐದು ವರ್ಷದ ಹುಡುಗಿಯ ಲಂಗದ ಉದ್ದ.
ಬಲಗಾಲು ಹತ್ತುತ್ತದೆ.
ಕಬ್ಬಿಣದ ಪಟ್ಟಿ ಕಟ್ಟಿದ ಎಡಗಾಲನ್ನು
ಕೈಯಿಂದ ಎತ್ತಿ ಒಳಗಿಡಬೇಕು
ಬೇರೆ ಯಾರದೋ ಸಾಮಾನಿನ ಹಾಗೆ.
ಅಷ್ಟರಲ್ಲಿ ಡಬಲ್ ಬೆಲ್ ಹೊಡೆದಾಗಿರುತ್ತದೆ;
ಆ ಕಾಲು ಚೆರ್ಕಳದವರೆಗೂ
ಬಾಗಿಲಲ್ಲೇ ನಿಂತು ಬರುವುದುಂಟು.

ಆಸ್ಪತ್ರೆಯಲ್ಲಿ ಮೂರು ಮಂದಿ ಡಾಕ್ಟರು ಕೂತು
ಅದನ್ನು ಬಗ್ಗಿಸಿದರು, ಎಳೆದರು, ಅಳೆದರು.
ಮೂವತ್ತೆಂಟು ಶೇಕಡಾ ಎಂದು ಬರೆದರು.
ಅರ್ಧ ಟಿಕೇಟಿಗೆ ನಲವತ್ತು ಬೇಕು.
ಆಗ ಆ ಜ್ವರ ಇನ್ನೆರಡು ದಿನ ನಿಂತಿದ್ದರೆ
ಸಿಗುತ್ತಿತ್ತೋ ಏನೋ.
ಎರಡು ಶೇಕಡಾ ಎಂದರೆ
ಹೋಗುತ್ತ ಹದಿನಾಲ್ಕು ರೂಪಾಯಿ, ಬರುತ್ತ ಹದಿನಾಲ್ಕು,
ಅಂಗಡಿಯಲ್ಲಿ ನಾಲ್ಕು ರವಿಕೆಗೆ ಹುಕ್ಕು ಹಾಕಿದ ಕೂಲಿ.

ಐತ್ತಪ್ಪಣ್ಣನಿಗೆ ಹೇಳಿದೆ. ನಕ್ಕರು.
"ನನಗೆ ನೂರು ಕೊಟ್ಟಿದ್ದಾರೆ ಮಾರಾಯ್ತಿ,
ಅರುವತ್ತು ಸುಮ್ಮನೆ ಬಿದ್ದುಕೊಂಡುಂಟು.
ಎರಡು ನೀನು ತೆಕ್ಕೊ.
ಬಂಪರು ಹೊಡೆದರೆ ವಾಪಸು ಕೊಡು."

ಮೊನ್ನೆ ಸೋಮವಾರ ಹೊಸ ಬಸ್ಸೊಂದು ಬಂತು.
ಕರೆಂಟಿನದ್ದಂತೆ, ನೋಡಲಿಕ್ಕೆ ಬಿಟ್ಟದ್ದಂತೆ.
ಕೆಮ್ಮಲಿಲ್ಲ, ಸೀನಲಿಲ್ಲ,
ಅಕ್ಕಿಯ ಡಬ್ಬಿಗೆ ಬಂದ ಬೆಕ್ಕಿನ ಹಾಗೆ ಬಂದು
ನಮ್ಮೆದುರು ನಿಂತಿತು.
ಬಾಗಿಲು ತಾನೇ ತೆರೆಯಿತು.
ಮೆಟ್ಟಿಲು, ದೇವರಾಣೆ, ನನ್ನ ಪಾದದ ಮಟ್ಟಕ್ಕೆ.
ಎಡಗಾಲು ಯಾರನ್ನೂ ಕೇಳದೆ
ಒಂದು ಹೆಜ್ಜೆ ಮುಂದೆ ಹೋಯಿತು.

ಎಲ್ಲಿಗೆ?
ಐತ್ತಪ್ಪಣ್ಣನ ಮುಖ ನೋಡಿದೆ.
ಅವರು ಇನ್ನೂ ತಿರುವಿನ ಕಡೆಗೇ ಕಿವಿಯಿಟ್ಟಿದ್ದರು,
ಕೈಯಲ್ಲಿ ಟಿಕೇಟು ಎಣಿಸುತ್ತಿದ್ದರು.
"ಎವಿಡೇಕ್ಕಾ?" ಎಂದು
ನನಗೆ ಬರುವ ನಾಲ್ಕು ಮಲಯಾಳದಲ್ಲಿ ಒಂದನ್ನು ಖರ್ಚು ಮಾಡಿದೆ.
ಡ್ರೈವರು ಗಾಜಿನ ಒಳಗಿಂದ
ಬೆರಳು ಮೇಲಕ್ಕೆ ತೋರಿಸಿದ.
ಅಲ್ಲಿ ಬೋರ್ಡು.
ಕೆಂಪು ದೀಪದಲ್ಲಿ ದಾಯಾದಿಗಳು
ಸಾಲಾಗಿ ಓಡುತ್ತಿದ್ದರು, ನಿಲ್ಲದೆ.

ಬಾಗಿಲು ಮುಚ್ಚಿತು. ಗಾಳಿ ಸ್ವಲ್ಪ ತಣ್ಣಗಾಗಿ
ಆಮೇಲೆ ಮೊದಲಿನ ಹಾಗೇ ಸೆಕೆ.

"ಈಗ ಇಲ್ಲಿ ಎಂತದೋ ಇತ್ತಲ್ಲ?" ಎಂದರು ಐತ್ತಪ್ಪಣ್ಣ.
"ಬಸ್ಸು," ಎಂದೆ. "ಹೋಯಿತು."
"ಬಂದದ್ದೇ ಗೊತ್ತಾಗಲಿಲ್ಲ."
ಬೆರಳ ನಡುವಿನ ಟಿಕೇಟುಗಳನ್ನು
ಅವರು ಮತ್ತೆ ಒಂದರಿಂದ ಎಣಿಸಿದರು.
ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು
ನಾನು ಕೇಳಿದ್ದಿಲ್ಲ.

ಹಾಲಂಗಡಿಯ ಆಚೆ ಶೀತ ಹಿಡಿದ ಹಾರ್ನು.
ಅವರ ತಲೆ ಎದ್ದಿತು, ಮುಖಕ್ಕೆ ಮುಖ ಬಂತು.
"ನಿನ್ನದೇ ವಾರಿಜಾ, ಬ್ರೇಕು ಹಿಡಿಸಲಿಲ್ಲ ಇವತ್ತೂ.
ಹಿಂದಿನ ಬಾಗಿಲಿಗೆ ಹೋಗು.
ಹತ್ತು," ಎಂದರು.

ಗಂಟೆಯೋ, ಅಪ್ಪಣೆಯೋ.
ಹದಿನೇಳು ಇಂಚಿನ ಕೆಳಗೆ ನಿಂತು
ಇಡೀ ಇಪ್ಪತ್ತೆಂಟನ್ನು
ಸೆರಗಿನ ತುದಿಯಿಂದ ಬಿಚ್ಚಿದೆ.