ಒಡಪು

ಕೌಲ್ ಬಜಾರಿನ ಮಹಡಿ ಮೇಲೆ ಹದಿನಾಲ್ಕು ಮಿಷಿನ್ನು,
ಮೂಲೆಯಲ್ಲಿ ನಾನು, ನೀಲಿ ಧೂಳು ಕೂತ ಒಂದು ಕಂಪ್ಯೂಟರು.
ಸಾಹುಕಾರರಿಗೆ ಬೇಕಾದದ್ದು ಇಷ್ಟೇ:
ಸಂಜೆ ಏಳಕ್ಕೆ, ಯಾವ ಸೈಜು ಎಷ್ಟು ಪ್ಯಾಂಟು.

ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಒಂದೊಂದಕ್ಕೂ ವೇರಿಯಬಲ್ಲಿನ ಹೆಸರು ಕೈಯಾರೆ ಬರೆದು ಬೇಸತ್ತು
ಹೆಸರನ್ನೇ ಹೊಲಿಯೋಣ ಅಂದುಕೊಂಡೆ.
ಮೊದಲು 'ಸೈಜು', ಒಂದು ಅಡಿಗೆರೆ, ಅದರ ಬಾಲಕ್ಕೆ ಅಂಕಿ.
ಸ್ಕ್ರಿಪ್ಟು ಓಡುತ್ತ ಓಡುತ್ತ ತಾನೇ ಜೋಡಿಸಿಕೊಳ್ಳಲಿ.

ಶೆಲ್ಲನ್ನು ಕೇಳಿದೆ, ಇಪ್ಪತ್ತೆಂಟರಲ್ಲಿ ಎಷ್ಟಿವೆ?
ಇಪ್ಪತ್ತೆಂಟು, ಅಂತು.
ಮೂವತ್ತರಲ್ಲಿ?
ಮೂವತ್ತು.
ಲೇಬಲ್ಲು ಓದಿ ಒಪ್ಪಿಸುತ್ತಿತ್ತು,
ಪ್ಯಾಂಟಿನ ರಾಶಿ ಮುಟ್ಟಿಯೇ ಇರಲಿಲ್ಲ.

ಇವಾಲ್ ಹಾಕು, ಅಂದ ವಾಷಿಂಗ್ ಯೂನಿಟ್ಟಿನ ಜಿಲಾನಿ.
ಹಾಕಿದೆ. ಮೂರು ವಾರ ಎಲ್ಲ ಸರಿ.
ಒಂದು ಸೋಮವಾರ ಸಾಹುಕಾರರ ಅಳಿಯ ಸೈಜಿನ ಜಾಗದಲ್ಲಿ
ಮೂವತ್ನಾಲ್ಕು, ಅರ್ಧವಿರಾಮ, 'ಹಾಲ್ಟ್' ಎಂದು ಒತ್ತಿದ,
ಆ ಸೈಜು ಸದ್ಯ ನಿಲ್ಲಿಸಿರಿ ಎಂಬ ಅರ್ಥಕ್ಕೆ.
ನಾನೋ ರೂಟ್ ಆಗಿ ಕೂತವಳು.
ಪರದೆ ಕಪ್ಪಾಯಿತು.
ಹೆಸರೆಂದು ಕೊಟ್ಟದ್ದನ್ನು ಅಪ್ಪಣೆ ಎಂದು ತಿಳಿಯುವ ಆಳು ಅದು,
ಅದರ ತಪ್ಪೇನು.
ಗಂಟು ಬಿಚ್ಚಿ ಎಣಿಸಿದೆವು, ರಾತ್ರಿ ಹನ್ನೊಂದರ ತನಕ.

ಎಣಿಸುತ್ತಲೇ ಹುಡುಗಿಯರು ಹುಲಿಗೆಮ್ಮನಿಗೆ ಗಂಟುಬಿದ್ದರು,
ಹೋದ ತಿಂಗಳು ಲಗ್ನವಾದವಳು,
ಬೆಳಗಿನಿಂದ ಒಂದೇ ಬಟ್ಟೆಗೆ ಮೂರು ಕಂಪನಿಯ ಹೆಸರು ಹಚ್ಚಿದವಳು:
ಗಂಡನ ಹೆಸರು ಹೇಳು, ಇಲ್ಲಾಂದ್ರೆ ಸೂಜಿ ಕೊಡಂಗಿಲ್ಲ!
ದಾರ ಹಲ್ಲಲ್ಲಿ ಕಡಿದು, ತಲೆ ಎತ್ತದೆ ಅಂದಳು,

"ಗಾದಿ ಹಾಸಿದ್ರ ಮಲಗಂಗಿಲ್ಲ,
ಲಿಂಗಕ್ಕ ನೀರೆರದ್ರ ಮಾತಾಡಂಗಿಲ್ಲ,
ಎರಡೂ ಕೂಡಿಸಿ ನೀವ ಹೊಲೀರಿ,
ನನ್ನ ಬಾಯಿಗೆ ಕೂಡಂಗಿಲ್ಲ."

ಕೆಳಗೆ ಕಟಿಂಗ್ ಟೇಬಲ್ಲಿನಲ್ಲಿ
ಗಾದಿಲಿಂಗ ಕತ್ತರಿ ನಿಲ್ಲಿಸಿದ.
ಅವನ ಹೆಸರು ಯಾರೂ ಕರೆದಿರಲಿಲ್ಲ.

ಬೆಳಿಗ್ಗೆ ಇವಾಲ್ ಅಳಿಸಿದೆ.
ಜೋಡಿಸಿದ ಹೆಸರನ್ನು ಇನ್ನೊಂದು ಹೆಸರಿನಲ್ಲಿ ಮಡಚಿಟ್ಟು
ಪುಷ್ಪಾವರಣದೊಳಗೆ ಕೂರಿಸಿ
ಮುಂದೆ ಒಂದು ಉದ್ಗಾರ ಚಿಹ್ನೆ,
'ಏನ್ರೀ!' ಅಂದ ಹಾಗೆ, ಅಷ್ಟೇ.
ಇಪ್ಪತ್ತೆಂಟರಲ್ಲಿ ನೂರಾ ಹದಿಮೂರು, ಅಂತು ಶೆಲ್ಲು.
ಅಳಿಯನ ಅರ್ಧವಿರಾಮ ಮತ್ತೆ ಬಂದಾಗ
ಇದು ಹೆಸರಲ್ಲ ಎಂದು ಗೊಣಗಿ ಸುಮ್ಮನಾಯಿತು.

ಜಿಲಾನಿ ನಗುತ್ತಾನೆ: ಇಷ್ಟು ಪಾಡು ಯಾಕವ್ವ,
ಒಂದೇ ಅರೇ ಮಾಡು, ಜೇಬು ಜೇಬಿಗೆ ಒಂದೊಂದು ಸೈಜು ಇಡು.
ಹೌದು, ಅದೇ ಸರಿ. ಮುಂದಿನ ವಾರ ಮಾಡುತ್ತೇನೆ.
ಈ ವಾರ ಹೀಗೇ ಇರಲಿ,
ಮೂವತ್ತಾರರ ತನಕ ಒಬ್ಬೊಬ್ಬರನ್ನೇ
ಏನ್ರೀ ಅಂತ ಕರೆದು ನೋಡುತ್ತೇನೆ.